ಕತ್ತರಿ ಪಂಡಿತನಿಗೆ ಬಂದ ಡೊಂಕು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಗಳ ಕ್ಷೌರದಂಗಡಿ ಇಟ್ಟವನಿಗೆ ಊರವರು ಕತ್ತರಿ ಪಂಡಿತ ಎಂದು ಹೆಸರಿಟ್ಟಿದ್ದರು. ಕತ್ತರಿಗಿಂತ ಅವನ ಬಾಯಿಯೇ ಚುರುಕು. ಕೂದಲು ಉದುರುವುದಕ್ಕೆ, ಮಂಡಿ ಹಿಡಿದುಕೊಳ್ಳುವುದಕ್ಕೆ, ಮೂಲವ್ಯಾಧಿಗೆ, ಅತ್ತೆಯ ಕಾಟಕ್ಕೆ, ಎಲ್ಲಕ್ಕೂ ಅವನಲ್ಲಿ ಮದ್ದಿತ್ತು. ಗಂಟಲ ಮೇಲೆ ಬ್ಲೇಡು ಇಟ್ಟುಕೊಂಡು ಹೇಳುತ್ತಿದ್ದದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ. ಮೂಲವ್ಯಾಧಿಯ ಮುದುಕರೊಬ್ಬರು ಇವನ ಮಾತು ಕೇಳಿ ಮಂಜುಗಡ್ಡೆಯ ಮೇಲೆ ಕೂತು ನೆಗಡಿ ಹಿಡಿಸಿಕೊಂಡರು. ನೆಗಡಿಗೂ ಪಂಡಿತನ ಹತ್ತಿರ ಮದ್ದಿತ್ತು.

ಐವತ್ತೆರಡನೇ ವಯಸ್ಸಿನಲ್ಲಿ ಆ ಬಾಯಿಗೆ ಬೀಗ ಬಿತ್ತು.

ಮೊದಲು ಸ್ನಾನ ಮಾಡುವಾಗ ಒಂದು ಗಂಟು ಕೈಗೆ ಸಿಕ್ಕಿತು. ಚರ್ಮದ ಕೆಳಗೆ, ಒಣಗಿದ ಬಟಾಣಿ ಕಾಳಿನಂತೆ ಗಟ್ಟಿ. ಎಲ್ಲಿ ಅಂದರೆ, ಎಲ್ಲಿ ಎಂದು ಹೇಳುವ ಬದಲು ಗಂಡಸರು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಅಲ್ಲಿ. ಸೊಳ್ಳೆ ಕಚ್ಚಿರಬೇಕು ಎಂದುಕೊಂಡ. ತಿಂಗಳುಗಳು ಕಳೆದರೂ ಆ ಸೊಳ್ಳೆ ಕಡಿತ ಇಳಿಯಲಿಲ್ಲ. ಆಮೇಲೆ ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಹೆಂಡತಿ ಕೋಣೆಯ ಚಿಲಕ ಹಾಕಿ ಬಂದ ಮೇಲೆ, ಇಷ್ಟು ವರ್ಷ ನೆಟ್ಟಗೆ ನಿಂತದ್ದು ಅವತ್ತು ಮೇಲಕ್ಕೆ ಬಾಗಿ, ಎಡಕ್ಕೆ ವಾಲಿ, ಪಕ್ಕದ ಮನೆಯತ್ತ ಇಣುಕುವಂತೆ ನಿಂತಿತು. ಜೊತೆಗೆ ಒಳಗೆಲ್ಲೋ ಚುಚ್ಚುವ ನೋವು.

“ಬೆನ್ನು ಹಿಡೀತು ಕಣೆ,” ಎಂದು ಪಂಡಿತ ಗೋಡೆಗೆ ಮುಖ ಮಾಡಿ ಮಲಗಿದ.

ಆ ಬೆನ್ನು ಮೂರು ತಿಂಗಳು ಬಿಡಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಇವನ ಹುಣ್ಣು ಕನ್ನಡಿಗೂ ತೋರಿಸುವಂಥದ್ದಲ್ಲ. ಊರಿಗೆಲ್ಲ ಮದ್ದು ಹೇಳಿದವನು ಕದ್ದು ಮುಚ್ಚಿ ತನಗೆ ತಾನೇ ಮದ್ದು ಮಾಡಿಕೊಂಡ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದ. ಸೊಟ್ಟಗಾದ ಬಾಚಣಿಗೆಯನ್ನು ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡುವುದು ಅವನಿಗೆ ರೂಢಿ. ಅದೇ ಧೈರ್ಯದಲ್ಲಿ ಇದನ್ನೂ ಬಿಸಿನೀರಿಗೆ ಒಡ್ಡಿ ಬಲಕ್ಕೆ ಬಗ್ಗಿಸಿ ನೋಡಿದ. ಕಣ್ಣಲ್ಲಿ ನೀರು ಬಂತೇ ಹೊರತು ಡೊಂಕು ಹೋಗಲಿಲ್ಲ. ಕೊನೆಗೆ, ‘ಪುರುಷರ ಗುಪ್ತ ಸಮಸ್ಯೆಗೆ ಇಲ್ಲಿ ಪರಿಹಾರ’ ಎಂದು ನಿಲ್ದಾಣದ ಗೋಡೆಗೆ ಚೀಟಿ ಅಂಟಿಸಿದ್ದವನನ್ನು ಹುಡುಕಿಕೊಂಡು ಹೋಗಿ ಒಂದು ಡಬ್ಬಿ ಕರಿಪುಡಿ ತಂದ. ಅದರಿಂದ ಭೇದಿ ಹತ್ತಿತು. ಅದೇ ವಾರ ಗಿರಾಕಿಯೊಬ್ಬ ತನ್ನ ಸೋಮಾರಿ ಮಗನ ವಿಷಯಕ್ಕೆ, “ಬಿಡಿ ಪಂಡಿತರೇ, ನಾಯಿ ಬಾಲ ಯಾವತ್ತಿದ್ರೂ ಡೊಂಕೇ,” ಎಂದಾಗ ಪಂಡಿತನ ಕತ್ತರಿ ಜಾರಿ ಆ ಗಿರಾಕಿಯ ಮೀಸೆಯ ಒಂದು ಬದಿ ಗಿಡ್ಡವಾಯಿತು.

ಹೆಂಡತಿ ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದವಳು. ಯಾರು ಯಾರ ಜೊತೆ ಎಷ್ಟು ಸುಖವಾಗಿದ್ದಾರೆ ಎಂದು ಸುಕ್ಕು ನೋಡಿಯೇ ಹೇಳಬಲ್ಲವಳು. ತನ್ನ ಮನೆಯ ಹಾಸಿಗೆ ಸುಕ್ಕೇ ಬೀಳದೆ ಹೊಸದರಂತೆ ಇರುವುದು ಅವಳ ಗಮನಕ್ಕೆ ಬಾರದೆ ಇದ್ದೀತೇ? ಒಂದು ಸಂಜೆ ಟೀ ಲೋಟವನ್ನು ಟಕ್ಕನೆ ಮುಂದಿಟ್ಟಳು.

“ಯಾರ್ರೀ ಅವಳು?”

“ಯಾವಳು?”

“ಮೂರು ತಿಂಗಳಿಂದ ಗೋಡೆ ಜೊತೆ ಸಂಸಾರ ಮಾಡ್ತಿದೀರ. ನಾನೇನು ಗೋಡೆಗಿಂತ ಕಡೆಯಾ?”

“ಯಾರೂ ಇಲ್ಲ ಕಣೆ. ಅದು... ವಾಲಿಕೊಂಡಿದೆ.”

“ಯಾವುದು, ಗೋಡೆನಾ?”

ಪಂಡಿತ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. ಕೇಳುತ್ತಿದ್ದಂತೆ ಅವಳು ಬಾಯಿ ಮುಚ್ಚಿಕೊಂಡಳು, ನಗು ಮೂಗಿನಿಂದ ಹೊರಟಿತು, ಟೀ ನೆತ್ತಿಗೇರಿತು. ಗಂಡ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡದ್ದು ಕಂಡಾಗ ನಗು ನಿಂತಿತು.

“ಇದಕ್ಕಾ ಇಷ್ಟು ದಿನ? ಅವಳಿಗೆ ಬೈಯೋಕೆ ಅಂತ ನಾನು ಬೈಗುಳ ಎಲ್ಲ ಜೋಡಿಸಿ ಇಟ್ಕೊಂಡಿದ್ದೆ. ನಾಳೆ ಆಸ್ಪತ್ರೆಗೆ ನಡೀರಿ.”

“ಕ್ಯಾನ್ಸರ್ ಅಂತ ಅಂದ್ಬಿಟ್ರೆ?” ಎಂದ ಅವನು, ಮೆಲ್ಲಗೆ. ಇಷ್ಟು ದಿನ ಗೋಡೆಗೂ ಹೇಳದ ಮಾತು ಅದು.

ಅವಳು ಅವನ ಪಕ್ಕಕ್ಕೆ ಬಂದು ಕೂತಳು. “ಏನಾದ್ರೂ ಆಗ್ಲಿ, ಹೇಳೋಕೆ ಡಾಕ್ಟರಿದ್ದಾರೆ. ನೀವು ಬಾಯಿ ಮುಚ್ಕೊಂಡು ಬಂದ್ರೆ ಸಾಕು.”

ಮೂತ್ರಾಂಗ ರೋಗಗಳ ವಿಭಾಗದ ಬಾಗಿಲು ತೆರೆದರೆ ಒಳಗೆ ಕೂತಿದ್ದದ್ದು ಹೆಂಗಸು, ಅದೂ ಅವನ ಮಗಳ ವಯಸ್ಸಿನವಳು. ಪಂಡಿತ ಹಿಂದೆ ತಿರುಗಿದ. ಹೆಂಡತಿ ಅಂಗಿಯ ತುದಿ ಹಿಡಿದು ಒಳಗೆಳೆದಳು.

“ಏನು ತೊಂದರೆ?” ಎಂದರು ಡಾಕ್ಟರಮ್ಮ.

“ಬೆನ್ನು ನೋವು.”

“ಮುಂಗಡೆ ಬೆನ್ನು, ಡಾಕ್ಟ್ರೇ,” ಎಂದಳು ಹೆಂಡತಿ.

ಡಾಕ್ಟರಮ್ಮ ಪರದೆ ಎಳೆದು, ಕೈಗವಸು ಹಾಕಿಕೊಂಡು, ಸಂತೆಯಲ್ಲಿ ಬೆಂಡೆಕಾಯಿ ಆರಿಸುವವರಿಗೆ ಇರುವಷ್ಟೂ ಕುತೂಹಲ ತೋರಿಸದೆ ಪರೀಕ್ಷಿಸಿದರು. ಗಂಟನ್ನು ಒತ್ತಿ ನೋಡಿದರು.

“ಮೊದಲಿಂದ ಹೀಗೇ ಇತ್ತಾ?”

“ಇಲ್ಲ, ನೆಟ್ಟಗಿತ್ತು.”

“ನಾನೇ ಸಾಕ್ಷಿ,” ಎಂದು ಪರದೆಯಾಚೆಯಿಂದ ದನಿ ಬಂತು.

“ಹುಟ್ಟಿದಾಗಿಂದ ಸ್ವಲ್ಪ ಡೊಂಕಿರೋ ಗಂಡಸರು ಬೇಕಾದಷ್ಟು ಜನ ಇದಾರೆ,” ಎಂದರು ಡಾಕ್ಟರಮ್ಮ. “ನೋವಿಲ್ಲ, ಸಂಸಾರಕ್ಕೆ ಅಡ್ಡಿಯಿಲ್ಲ ಅಂದ್ರೆ ಅದರ ತಂಟೆಗೆ ಹೋಗೋದೇ ಬೇಡ. ನಿಮ್ಮದು ಹೊಸದಾಗಿ ಬಂದಿದ್ದು. ಗಂಟಿದೆ, ನೋವಿದೆ. ಅಂಥದ್ದು ಕಂಡ ಕೂಡಲೇ ಬರಬೇಕಿತ್ತು. ಒಳಗಿನ ಪದರಕ್ಕೆ ಯಾವಾಗಲೋ ಸಣ್ಣ ಪೆಟ್ಟು ಬಿದ್ದಿರಬಹುದು, ನಿಮಗೆ ಗೊತ್ತೂ ಆಗಿರಲ್ಲ. ಅದು ಮಾಯುವಾಗ ಕಲೆ ಗಟ್ಟಿಯಾಗುತ್ತೆ. ಆ ಜಾಗ ಹಿಗ್ಗಲ್ಲ, ಅದಕ್ಕೇ ಆ ಕಡೆ ಬಾಗುತ್ತೆ.”

“ಕ್ಯಾನ್ಸರ್...”

“ಅಲ್ಲ. ಇನ್ನೊಬ್ಬರಿಗೆ ಅಂಟೋದೂ ಅಲ್ಲ.”

ಪಂಡಿತ ಮೂರು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ. ಆದರೆ ಡಾಕ್ಟರಮ್ಮ ಅವನನ್ನು ಬಿಡಲಿಲ್ಲ.

“ಎಣ್ಣೆ, ಪುಡಿ, ಏನಾದ್ರೂ ಮಾಡ್ಕೊಂಡ್ರಾ? ಬಲವಂತವಾಗಿ ಬಗ್ಗಿಸಿದ್ರಾ?”

“ಸ್ವಲ್ಪ.”

“ಇನ್ನು ಮುಂದೆ ಮುಟ್ಟಬೇಡಿ. ಗಟ್ಟಿಯಾಗಿದ್ದಾಗ ಟಕ್ ಅಂತ ಸದ್ದಾಗಿ ಬಾತುಕೊಂಡು ನೀಲಿಗಟ್ಟಿದ್ರೆ, ನಾಳೆ ನೋಡೋಣ ಅನ್ನೋ ಹಾಗಿಲ್ಲ. ಆ ಗಳಿಗೇಲೇ ಆಸ್ಪತ್ರೆಗೆ ಓಡಿ ಬರಬೇಕು.”

ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಕೊನೆಯಲ್ಲಿ, ಎಷ್ಟು ಬಾಗಿದೆ ಎಂದು ಲೆಕ್ಕ ಹಾಕಬೇಕು, ನಿಂತಾಗಿನ ಫೋಟೋ ಮನೆಯಲ್ಲೇ ತೆಗೆದುಕೊಂಡು ಬನ್ನಿ, ಮೇಲಿನಿಂದ ಒಂದು, ಪಕ್ಕದಿಂದ ಒಂದು ಎಂದರು. ಮುಖ ಬರುವುದು ಬೇಡ ಎಂದೂ ಹೇಳಿದರು.

ಮುಂದಿನ ರಜೆಯ ದಿನ ಹೆಂಡತಿ ಮೊಬೈಲು ಹಿಡಿದು ಮದುವೆ ಮನೆಯ ಫೋಟೋಗ್ರಾಫರನಂತೆ ಓಡಾಡಿದಳು.

“ಬೆಳಕು ಸಾಲ್ದು. ಕಿಟಕಿ ಕಡೆ ತಿರುಗಿ.”

“ನೀನು ನಕ್ಕರೆ ಅದು ಮಲಗಿಬಿಡುತ್ತೆ.”

“ನಾನೆಲ್ಲಿ ನಕ್ಕೆ? ಅಲ್ಲಾಡಬೇಡಿ.”

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಬಸ್ಸು ಓಡಿಸುವ ಅವಳ ತಮ್ಮ, ಎರಡು ಟ್ರಿಪ್ಪಿನ ನಡುವೆ ಟೀ ಕುಡಿಯಲು ಬಂದಿದ್ದ. “ಅಕ್ಕಾ, ಹಗಲೊತ್ತು ಬಾಗಿಲು ಹಾಕ್ಕೊಂಡು ಏನು ಮಾಡ್ತಿದೀರ?”

“ನಿಮ್ಮ ಭಾವನಿಗೆ ಪಾಸ್‌ಪೋರ್ಟ್ ಫೋಟೋ ತೆಗೀತಿದೀನಿ.”

“ಭಾವ ಯಾವ ದೇಶಕ್ಕೆ ಹೊರಟ್ರು?”

ಒಳಗಿದ್ದ ಭಾವನಿಗೆ ಆ ಕ್ಷಣ ಯಾವ ದೇಶವಾದರೂ ಆಗುತ್ತಿತ್ತು.

ಫೋಟೋ ನೋಡಿ ಡಾಕ್ಟರಮ್ಮ ನಲವತ್ತು ಡಿಗ್ರಿ ಎಂದರು. ರಕ್ತದಲ್ಲಿ ಶುಗರ್ ಏರಿರುವುದೂ ಅದೇ ದಿನ ಗೊತ್ತಾಯಿತು. ಕಾಯಿಲೆ ಇನ್ನೂ ಬದಲಾಗುತ್ತಿರುವ ಹಂತದಲ್ಲಿದೆ, ಒಂದು ಒಂದೂವರೆ ವರ್ಷದೊಳಗೆ ಒಂದು ಕಡೆ ನಿಲ್ಲುತ್ತದೆ, ಆಮೇಲೂ ಅಡ್ಡಿಯಾದರೆ ಇಂಜೆಕ್ಷನ್ನು, ಆಪರೇಷನ್ನು ಇದೆ ಎಂದು ಧೈರ್ಯ ಹೇಳಿದರು. ಸದ್ಯಕ್ಕೆ ನೋವಿನ ಮಾತ್ರೆ, ಶುಗರಿಗೆ ಪಥ್ಯ, ಮತ್ತೆ ದಿನಾ ಬೆಳಿಗ್ಗೆ ಹಾಕಿಕೊಂಡು ಮೆಲ್ಲಗೆ ಎಳೆಯುವ ಒಂದು ಸಾಧನ. ಅದನ್ನು ತೊಟ್ಟು, ಮೇಲೆ ಹೊದಿಕೆ ಹೊದ್ದು, ಪಂಡಿತ ಪೇಪರ್ ಓದುತ್ತ ಕೂರುತ್ತಿದ್ದ. ಮನೆಗೆ ಬಂದವರಿಗೆ ಎದ್ದು ನಿಲ್ಲದಷ್ಟು ಗರ್ವ ಬಂದಿದೆ ಎಂದು ಭಾವಮೈದುನ ಊರೆಲ್ಲ ಹೇಳಿಕೊಂಡು ತಿರುಗಿದ.

ನೋವು ಮೊದಲು ಹೋಯಿತು. ಗಂಟು ಹೋಗಲಿಲ್ಲ. ಡೊಂಕು ಸ್ವಲ್ಪ ಇಳಿದು, ಅಲ್ಲಿಗೇ ನಿಂತಿತು. ಸಿಹಿ ಬಿಟ್ಟದ್ದರಿಂದ ಹೊಟ್ಟೆ ಕರಗಿದ್ದೊಂದು ಲಾಭ. ಮರುವರ್ಷ ಡಾಕ್ಟರಮ್ಮ ಆಪರೇಷನ್ ವಿಚಾರ ಎತ್ತಿದಾಗ ಪಂಡಿತ ಹೆಂಡತಿಯ ಮುಖ ನೋಡಿದ.

“ದಾರೀಲಿ ಒಂದು ತಿರುವಿದ್ರೇನು ಡಾಕ್ಟ್ರೇ,” ಎಂದಳು ಅವಳು, “ಮನೆ ಸೇರಿದ್ರೆ ಸಾಕು.”

ಡಾಕ್ಟರಮ್ಮ ಅವತ್ತು ಮೊದಲ ಸಲ ನಕ್ಕರು.

ಪಂಡಿತನೇನೂ ಮದ್ದು ಹೇಳುವುದನ್ನು ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮೊನ್ನೆ ವೈರಿಂಗ್ ಕೆಲಸದವನೊಬ್ಬ ಕುರ್ಚಿಯಲ್ಲಿ ಕೂತು, ಅತ್ತಿತ್ತ ನೋಡಿ, ತನ್ನ ಸ್ನೇಹಿತನೊಬ್ಬನಿಗೆ ಅಲ್ಲೊಂದು ಗಂಟಾಗಿದೆಯಂತೆ, ವಾಲುತ್ತದಂತೆ ಎಂದು ಪಿಸುಗುಟ್ಟಿದ. ಪಂಡಿತ ಮಂಜುಗಡ್ಡೆಯ ಮಾತೆತ್ತಲಿಲ್ಲ, ಎಣ್ಣೆಯದ್ದೂ ಇಲ್ಲ. ಆಸ್ಪತ್ರೆಯ ಹೆಸರು, ಯಾವ ಮಹಡಿ, ಯಾವ ಬಾಗಿಲು ಎಲ್ಲ ಹೇಳಿದ.

“ಹೆಂಡತಿ ಜೊತೆ ಕಳಿಸು ಅವನನ್ನ. ಒಬ್ಬನೇ ಹೋದ್ರೆ ಗೇಟು ಮುಟ್ಟಿ ವಾಪಸ್ ಬರ್ತಾನೆ.”

“ಅವನಿಗೆ ಮದುವೆ ಆಗಿಲ್ಲ.”

“ಹಾಗಾದ್ರೆ ನೀನೇ ಜೊತೆಗೆ ಹೋಗು.”

ವೈರಿಂಗ್‌ನವನು ನೊರೆ ಮೆತ್ತಿದ ಮುಖವನ್ನು ಕನ್ನಡಿಯಿಂದ ಆಚೆ ತಿರುಗಿಸಿ, “ಆಸ್ಪತ್ರೆ ಬಾಗಿಲು ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾರೆ?” ಎಂದು ಕೇಳಿದ.