ಹಿಂದಿನ ಸೀಟಿನ ಗುರು

ಅಮೆರಿಕಕ್ಕೆ ಬಂದ ಮೂರನೆಯ ವಾರ ಕೌಶಿಲಾ ಢುಂಗಾನಾ ನಡೆದುಕೊಂಡು ಹಾಲು ತರಲು ಹೋಗಿ, ಪೊಲೀಸ್ ಕಾರಿನಲ್ಲಿ ಮನೆಗೆ ಬಂದಳು.

ಅವಳು ಮಾಡಿದ ತಪ್ಪೆಂದರೆ ನಡೆದದ್ದು. ಒಹಾಯೊ ರಾಜ್ಯದ ರೆನಾಲ್ಡ್ಸ್‌ಬರ್ಗಿನ ಆ ರಸ್ತೆಯಲ್ಲಿ ಅಂಗಡಿ ಇತ್ತು, ಮನೆಗಳಿದ್ದವು, ನಡುವೆ ಎರಡು ಮೈಲಿ ಹುಲ್ಲಿತ್ತು. ನಡೆಯುವವರು ಮಾತ್ರ ಇರಲಿಲ್ಲ. ಹುಲ್ಲಿನ ಅಂಚಿನಲ್ಲಿ ಚಪ್ಪಲಿ ಹಾಕಿಕೊಂಡು, ಹಾಲಿನ ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ಹೋಗುತ್ತಿದ್ದ ಹೆಂಗಸನ್ನು ಕಂಡು ಪೊಲೀಸಿನವನಿಗೆ, ಪಾಪ, ಯಾರದೋ ಮನೆಯ ಮರೆವಿನ ಮುದುಕಿ ತಪ್ಪಿಸಿಕೊಂಡು ಬಂದಿದ್ದಾಳೆ ಅನ್ನಿಸಿತು. ಆಗ ಅವಳಿಗೆ ನಲವತ್ತೊಂದು ವರ್ಷ. ಅವನು ಬಾಗಿಲು ತೆಗೆದು ಕೂರಿಸಿಕೊಂಡು, ಹಾಲಿನ ಡಬ್ಬಿಯನ್ನು ತಾನೇ ಎತ್ತಿಕೊಂಡು ಬಂದು ಮನೆಗೆ ಬಿಟ್ಟುಹೋದ. ಅರ್ಧ ಗಂಟೆಯಲ್ಲಿ ಸುದ್ದಿ ಫೋನಿನ ಮೇಲೆ ಪಿಟ್ಸ್‌ಬರ್ಗಿನ ನೆಂಟರವರೆಗೆ ಹೋಯಿತು: ಕೌಶಿಲಾಳನ್ನು ಪೊಲೀಸರು ಹಿಡಿದರಂತೆ, ಹಾಲು ಕದ್ದಳಂತೆ.

ಭೂತಾನಿನ ಚಿರಾಂಗಿನಲ್ಲಿ ಕಿತ್ತಳೆ ತೋಟದ ಏರಿಳಿತಗಳಲ್ಲಿ ಹುಟ್ಟಿ ಬೆಳೆದವಳು ಅವಳು. ನೇಪಾಳಿ ಮಾತಾಡುವವರನ್ನು ಸರ್ಕಾರ ಊರು ಬಿಡಿಸಿದ ಮೇಲೆ ನೇಪಾಳದ ಬೆಲ್ದಾಂಗಿ ನಿರಾಶ್ರಿತರ ಶಿಬಿರದ ಬಿದಿರಿನ ಗುಡಿಸಲಿನಲ್ಲಿ ಹದಿನೆಂಟು ವರ್ಷ ಕಳೆದಳು. ಅಲ್ಲಿ ನೀರಿನ ನಲ್ಲಿ, ರೇಷನ್ನು, ಮದುವೆ, ಸಾವು ಎಲ್ಲವೂ ಕಾಲಳತೆಯಲ್ಲಿದ್ದವು. ಜಗಳಕ್ಕೂ ನಡೆದೇ ಹೋಗಿಬರಬಹುದಿತ್ತು. ಇಲ್ಲಿ ಕಾಲು ಇರುವುದು ಪೆಡಲ್ ಒತ್ತುವುದಕ್ಕೆ ಎಂಬುದು ಅವಳಿಗೆ ಹಾಲಿನ ದಿನವೇ ತಿಳಿಯಿತು. ಆದರೆ ತಿಳಿದದ್ದನ್ನು ಕಲಿಯಲು ಹನ್ನೊಂದು ವರ್ಷ ಬೇಕಾಯಿತು. ಅದಕ್ಕೆ ಕಾರಣ ಅವಳ ಭಾವ, ಛವಿಲಾಲ್.

ಛವಿಲಾಲ್ ಅವಳ ಗಂಡ ತುಲಸಿರಾಮನ ಅಣ್ಣ. ಅಣ್ಣತಮ್ಮಂದಿರ ಎರಡು ಸಂಸಾರವೂ ಒಂದೇ ಮನೆಯಲ್ಲಿ. ತುಲಸಿರಾಮನ ಕಣ್ಣು ಎಷ್ಟು ಮಂಜಾಗಿತ್ತೆಂದರೆ ಲೈಸೆನ್ಸ್ ಕಚೇರಿಯಲ್ಲಿ ಅಕ್ಷರದ ಹಲಗೆ ಓದಿ ಎಂದಾಗ ಅವನು "ಯಾವ ಹಲಗೆ?" ಎಂದು ಕೇಳಿದ್ದ. ಹೀಗಾಗಿ ನಾಲ್ಕನೆಯ ಪ್ರಯತ್ನಕ್ಕೆ ಲೈಸೆನ್ಸ್ ಪಡೆದ ಛವಿಲಾಲನೇ ಮನೆಗೆಲ್ಲ ಸಾರಥಿ. ಅವನ ಬೂದು ಬಣ್ಣದ ವ್ಯಾನು ಹೊರಟರೆ ಲೋಕ ಹೊರಟಿತು, ನಿಂತರೆ ನಿಂತಿತು. ಅಕ್ಕಿಗೆ, ಆಸ್ಪತ್ರೆಗೆ, ಸತ್ಯನಾರಾಯಣ ಪೂಜೆಗೆ, ಯಾವುದಕ್ಕೆ ಹೋಗುವುದಾದರೂ ಅವನ ಮುಖ ನೋಡಬೇಕು. ಹೊಸದಾಗಿ ಬಂದ ಸಂಸಾರಗಳನ್ನು ಹತ್ತಿಸಿಕೊಂಡರಂತೂ ಸ್ಟೇರಿಂಗ್ ಹಿಡಿದೇ ಉಪದೇಶ ಶುರುವಾಗುತ್ತಿತ್ತು.

"ಕೇಳಿ, ಕಿವಿಗೆ ಹಾಕ್ಕೊಳ್ಳಿ. ಮನೆ ಮುಂದೆ ಹುಲ್ಲು ಮೊಣಕಾಲಿಗೆ ಬಂದ್ರೆ ನಗರಸಭೆಯವ್ರು ಬಾಗಿಲಿಗೆ ಚೀಟಿ ಅಂಟಿಸ್ತಾರೆ. ಪಕ್ಕದ ಮನೆಯವ್ರು ‘ಹೇಗಿದ್ದೀರಿ’ ಅಂದ್ರೆ ‘ಚೆನ್ನಾಗಿದ್ದೀನಿ’ ಅನ್ನಿ. ಮಂಡಿ ನೋವು, ಮಲಬದ್ಧತೆ ಎಲ್ಲಾ ಹೇಳ್ತಾ ಕೂರಬೇಡಿ, ಅವ್ರು ಕೇಳಿದ್ದು ಅದಕ್ಕಲ್ಲ. ಸಾಸಿವೆ ಸೊಪ್ಪನ್ನ ಮುಂದಿನ ಬೇಲಿ ಮೇಲೆ ಒಣಹಾಕಬೇಡಿ. ಬಾಗಿಲು ತಟ್ಟದೆ ಯಾರ ಮನೆಗೂ ನುಗ್ಗಬೇಡಿ."

ಕೊನೆಯ ಸೀಟಿನಿಂದ ಕೌಶಿಲಾ ಮೆಲ್ಲಗೆ ಸೇರಿಸುತ್ತಿದ್ದಳು: "ಮತ್ತೆ, ಭಾವನ ಪೂಜೆ ಮುಗಿಯೋವರೆಗೂ ಹೆರಿಗೆ ನೋವು ಬಂದ್ರೂ ತಡ್ಕೊಳ್ಳಿ."

ಅವಳ ಪಕ್ಕದಲ್ಲಿ ಕೂತ ಓರಗಿತ್ತಿ ದೇವಿಮಾಯಾ, ಛವಿಲಾಲನ ಹೆಂಡತಿ, ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಕೌಶಿಲಾ ಕೆಲಸ ಮಾಡುತ್ತಿದ್ದದ್ದು ಹೆಚ್ಚಿದ ತರಕಾರಿಯನ್ನು ಡಬ್ಬಿಗೆ ತುಂಬುವ ಒಂದು ಕಾರ್ಖಾನೆಯಲ್ಲಿ, ಮನೆಯಿಂದ ಹದಿನಾಲ್ಕು ಮೈಲಿ. ಅಲ್ಲಿಗೆ ಬಸ್ಸಿಲ್ಲ. ಭಾವ ಪೂಜೆ ಮುಗಿಸಿ, ಚಹಾ ಕುಡಿದು, ತಲೆಯ ನೇಪಾಳಿ ಟೋಪಿ ಸರಿಮಾಡಿಕೊಂಡು ಹೊರಟಾಗ ಎಂಟೂವರೆಯಾಗುತ್ತಿತ್ತು. ಆದ್ದರಿಂದ ಅವಳಿಗೆ ಒಂಬತ್ತರ ಪಾಳಿ. ಹನ್ನೊಂದು ವರ್ಷದಲ್ಲಿ ಅವಳ ಕೈಕೆಳಗೆ ಕಲಿತವರೆಲ್ಲ ಮುಂದೆ ಹೋದರು, ಅವಳು ಮಾತ್ರ ಕ್ಯಾರೆಟ್ಟಿನ ಮುಂದೆಯೇ ನಿಂತಿದ್ದಳು.

ಅಕ್ಟೋಬರ್ ಮೊದಲ ವಾರ ಮೇಲ್ವಿಚಾರಕಿ ರೊಂಡಾ ಅವಳನ್ನು ಪಕ್ಕಕ್ಕೆ ಕರೆದಳು. ರೊಂಡಾ ಆರಡಿ ಎತ್ತರ, ಗಂಟಲು ಅದಕ್ಕಿಂತ ಎತ್ತರ. ಕೌಶಿಲಾ ಎನ್ನಲು ನಾಲಿಗೆ ತಿರುಗದೆ ಕೋಸಿ ಎನ್ನುತ್ತಿದ್ದಳು.

"ಕೋಸಿ, ಬೆಳಿಗ್ಗೆ ಪಾಳಿಗೆ ಒಬ್ಬರು ಮುಖ್ಯಸ್ಥರು ಬೇಕು. ಇಪ್ಪತ್ತೆರಡು ಜನ. ನಿನಗೇ ಕೊಡೋಣ ಅಂತಿದ್ದೀನಿ."

"ನಂಗಾ?"

"ಇನ್ಯಾರಿಗೆ, ಕ್ಯಾರೆಟ್ಟಿಗಾ? ಆದ್ರೆ ಐದೂವರೆಗೆ ಇಲ್ಲಿರ್ಬೇಕು. ನವೆಂಬರ್ ಒಂದನೇ ತಾರೀಖಿಂದ. ನಿನ್ನ ಆ ಟೋಪಿ ರಾಜ ಐದಕ್ಕೆ ಎದ್ದು ಕರ್ಕೊಂಡು ಬರ್ತಾನಾ?"

"ಬರಲ್ಲ."

"ಹಾಗಾದ್ರೆ ನೀನೇ ಬಾ. ಬರದಿದ್ರೆ ಬೇಜಾರು ಮಾಡ್ಕೋಬೇಡ, ಬೇರೆಯವರಿಗೆ ಕೊಡ್ತೀನಿ."

ಕಾರು ಇತ್ತು. ಮಗಳು ಮದುವೆಯಾಗಿ ಹ್ಯಾರಿಸ್‌ಬರ್ಗಿಗೆ ಹೋಗುವಾಗ ಬಿಟ್ಟುಹೋದ ಕೆಂಪು ಕಾರು ಮನೆ ಮುಂದೆ ಒಣಗಿದ ಎಲೆ ಹೊದ್ದು ಮಲಗಿತ್ತು. ಕಲಿಯುವವರ ಪರವಾನಗಿಯೂ ಇತ್ತು. ಪಾಠವೂ ಎರಡು ವರ್ಷದಿಂದ ನಡೆಯುತ್ತಲೇ ಇತ್ತು, ಭಾನುವಾರ ಸಂಜೆ, ಖಾಲಿಯಾದ ಚರ್ಚಿನ ಅಂಗಳದಲ್ಲಿ. "ಮನೆ ಹೆಂಗಸ್ರಿಗೆ ಹೊರಗಿನವ್ರು ಯಾಕೆ ಕಲಿಸ್ಬೇಕು, ನಾನು ಸತ್ತಿದ್ದೀನಾ?" ಎಂದು ಛವಿಲಾಲನೇ ಗುರುವಾಗಿದ್ದ.

ತೊಡಕೆಂದರೆ, ಅವರ ಕುಲದಲ್ಲಿ ಗಂಡನ ಅಣ್ಣ ತಮ್ಮನ ಹೆಂಡತಿಯನ್ನು ಮುಟ್ಟುವಂತಿಲ್ಲ. ಬೆರಳ ತುದಿ ತಾಗಿದರೂ ಇಬ್ಬರೂ ಬಂಗಾರ ಅದ್ದಿದ ನೀರು ಚಿಮುಕಿಸಿಕೊಂಡು ಶುದ್ಧವಾಗಬೇಕು. ಹೆಸರು ಹಿಡಿದು ಕರೆಯುವಂತೆಯೂ ಇಲ್ಲ. ‘ಬುಹಾರಿ’, ಅಂದರೆ ಮನೆಯ ಸೊಸೆ, ಅಷ್ಟೇ. ಆ ಪುಟ್ಟ ಕಾರಿನಲ್ಲಿ ಅಕ್ಕಪಕ್ಕ ಕೂತರೆ ಮೊಣಕೈ ಧರ್ಮದ ಮಾತು ಕೇಳುವುದಿಲ್ಲ. ಹಾಗಾಗಿ ಗುರುಗಳು ಹಿಂದಿನ ಸೀಟಿನ ನಡುಮಧ್ಯೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಕೊಡೆ ಹಿಡಿದು ಕಲಿಸುತ್ತಿದ್ದರು. ಕೊಡೆಯ ತುದಿಯಿಂದ ಅವಳ ಸೀಟಿನ ಬಲಭುಜಕ್ಕೆ ಬಡಿದರೆ ಬಲಕ್ಕೆ, ಎಡಕ್ಕೆ ಬಡಿದರೆ ಎಡಕ್ಕೆ. ಎರಡೂ ಕಡೆ ದಡದಡ ಬಡಿದರೆ ಬ್ರೇಕು. ಮುಂದಿನ ಸೀಟು ಖಾಲಿ ಬಿಟ್ಟರೆ ಲಕ್ಷಣವಲ್ಲ ಎಂದು ಅಲ್ಲೊಂದು ಅಕ್ಕಿ ಚೀಲ ಇಟ್ಟಿದ್ದರು. ಚೀಲವನ್ನು ಬೆಲ್ಟ್ ಹಾಕದ ಮನುಷ್ಯನೆಂದು ತಿಳಿದು ಕಾರು ಕುಂಯ್ಗುಟ್ಟತೊಡಗಿದಾಗ ಅದಕ್ಕೂ ಬೆಲ್ಟ್ ಕಟ್ಟಿದರು.

ಒಹಾಯೊದಲ್ಲಿ ಪರೀಕ್ಷೆಗೆ ಐದು ಕಂಬ ನೆಡುತ್ತಾರೆ. ಅವುಗಳ ನಡುವೆ ಕಾರನ್ನು ಮುಂದಕ್ಕೆ ಬಿಟ್ಟು, ಮತ್ತೆ ಹಿಂದಕ್ಕೆ ತರಬೇಕು. ಛವಿಲಾಲ್ ಅದಕ್ಕೂ ಉಪಾಯ ಹೇಳಿಕೊಟ್ಟಿದ್ದ: "ಕನ್ನಡಿಯಲ್ಲಿ ನನ್ನ ಟೋಪಿ ತುದಿ ನೋಡು ಬುಹಾರಿ. ಅದು ಎಡಗಡೆ ಕಂಬಕ್ಕೆ ತಾಗಿದ ಹಾಗೆ ಕಂಡ ಕೂಡ್ಲೇ ತಿರುಗಿಸು." ಚರ್ಚಿನ ಅಂಗಳದಲ್ಲಿ ಕಂಬದ ಬದಲು ಬಕೆಟ್ ಇಟ್ಟು ಅವಳು ನೂರು ಸಲ ತಪ್ಪಿಲ್ಲದೆ ಮಾಡಿದ್ದಳು.

ಅಕ್ಟೋಬರ್ ಹದಿನಾಲ್ಕಕ್ಕೆ ಪರೀಕ್ಷೆ. ಪಕ್ಕದ ಮನೆಯ ಹುಡುಗ ಕಾರನ್ನು ಅಲ್ಲಿಯವರೆಗೆ ಓಡಿಸಿಕೊಂಡು ಬಂದು ಹೊರಗೆ ಕಾದು ನಿಂತ. ಪರೀಕ್ಷೆ ಮಾಡಲು ಬಂದ ಹೆಂಗಸು ಕನ್ನಡಕ ಹಣೆಗೇರಿಸಿಕೊಂಡು ಬಾಗಿಲು ತೆಗೆದು ಅಕ್ಕಿ ಚೀಲ ನೋಡಿದಳು. "ಇದು?"

"ಅಕ್ಕಿ."

"ಅದು ಕಾಣ್ಸುತ್ತೆ."

ಚೀಲವನ್ನು ಡಿಕ್ಕಿಗೆ ಹಾಕಿ ಆಕೆ ಪಕ್ಕದಲ್ಲಿ ಕೂತಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಕೌಶಿಲಾಳ ಪಕ್ಕದಲ್ಲಿ ಉಸಿರಾಡುವ ಜೀವವೊಂದು ಕೂತಿತ್ತು. ಆಕೆ "ಮುಂದೆ ಎಡಕ್ಕೆ" ಎಂದಳು. ಕೌಶಿಲಾಳಿಗೆ ಮಾತು ಅರ್ಥವಾಯಿತು. ಆದರೆ ಎಡಭುಜ ಏಟಿಗಾಗಿ ಕಾಯುತ್ತಿತ್ತು. ಏಟು ಬೀಳಲಿಲ್ಲ, ಕಾರು ನೇರ ಹೋಯಿತು. "ಬಲಕ್ಕೆ" ಎಂದರೂ ನೇರ ಹೋಯಿತು. ಕಂಬಗಳ ನಡುವೆ ಹಿಂದಕ್ಕೆ ಬರುವಾಗ ಕನ್ನಡಿ ನೋಡಿದಳು. ಟೋಪಿ ಇಲ್ಲ! ಬರೀ ಆಕಾಶ. ಟೋಪಿಯಿಲ್ಲದ ಲೋಕದಲ್ಲಿ ಎಲ್ಲಿ ತಿರುಗಿಸುವುದೆಂದು ತಿಳಿಯದೆ ಎರಡು ಕಂಬ ಮಲಗಿಸಿದಳು.

ಪರೀಕ್ಷಕಿ ಬರೆಯುವುದನ್ನು ನಿಲ್ಲಿಸಿ ಕೇಳಿದಳು: "ನಿಂಗೆ ಕಲಿಸ್ದೋರು ಯಾರಮ್ಮ?"

"ನಮ್ಮ ಭಾವ."

"ಎಲ್ಲಿ ಕೂತ್ಕೊಂಡು?"

"ಹಿಂದೆ."

"ಹಿಂದೆ ಅಂದ್ರೆ?"

"ಹಿಂದಿನ ಸೀಟಲ್ಲಿ. ಕೊಡೆ ಹಿಡ್ಕೊಂಡು."

ಆಕೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಮುಖ ಗಟ್ಟಿಮಾಡಿಕೊಂಡು ಹೇಳಿದಳು: "ನೋಡು, ಲೈಸೆನ್ಸ್ ಇರೋರು ನಿನ್ನ ಪಕ್ಕದಲ್ಲೇ ಕೂರ್ಬೇಕು. ಅದು ಕಾನೂನು. ಹಿಂದೆ ಕೂತ್ರೆ ಪೊಲೀಸ್ ಹಿಡಿತಾರೆ. ಕಲಿತ್ಕೊಂಡು ಇಪ್ಪತ್ತೊಂಬತ್ತನೇ ತಾರೀಖು ಬಾ."

ಮನೆಯಲ್ಲಿ ಛವಿಲಾಲ್ ಗ್ಯಾರೇಜಿನ ಬಾಗಿಲು ಎತ್ತಿ, ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂತಿದ್ದ. ಪಕ್ಕದಲ್ಲಿ ದೇವಿಮಾಯಾ ಮೂಲಂಗಿ ಹೆಚ್ಚುತ್ತಿದ್ದಳು, ತುಲಸಿರಾಮ ಅದನ್ನು ಭರಣಿಗೆ ತುಂಬುತ್ತಿದ್ದ. ಫಲಿತಾಂಶ ಕೇಳಿ ಛವಿಲಾಲನ ಮುಖದಲ್ಲಿ ದುಃಖ ಮೂಡಿತು, ಆದರೆ ಅದು ಬರುವ ಮೊದಲು ಇನ್ನೇನೋ ಒಂದು ಹಾದುಹೋದದ್ದನ್ನು ಕೌಶಿಲಾ ಕಂಡಳು.

"ಹೋಗ್ಲಿ ಬಿಡು ಬುಹಾರಿ. ಎಲ್ರಿಗೂ ಬರೋ ವಿದ್ಯೆ ಅಲ್ಲ ಅದು. ನಾನಿದ್ದೀನಲ್ಲ, ವ್ಯಾನಿದೆಯಲ್ಲ."

"ಭಾವ, ನೀವು ಮುಂದೆ ಕೂತು ಕಲಿಸ್ಬೇಕಂತೆ."

"ಮುಂದೆ? ನಿನ್ನ ಪಕ್ಕದಲ್ಲಿ?" ಅವನು ಕುರ್ಚಿಯಿಂದ ಅರ್ಧ ಎದ್ದ. "ಏಳು ಸಮುದ್ರ ದಾಟಿ ಬಂದಿರ್ಬಹುದು. ಧರ್ಮ ದಾಟಿಲ್ಲ."

"ಕಾನೂನಂತೆ."

"ಕಾನೂನು ಬೇರೆ, ಧರ್ಮ ಬೇರೆ."

"ಹೊಸದಾಗಿ ಬಂದವ್ರಿಗೆಲ್ಲ ‘ಹುಲ್ಲಿನ ಕಾನೂನೂ ಮೀರಬೇಡಿ’ ಅಂತೀರಲ್ಲ ಭಾವ. ಹುಲ್ಲಿಗಿರೋ ಬೆಲೆ ನನಗಿಲ್ವಾ?"

ತುಲಸಿರಾಮ ಮೂಲಂಗಿಯನ್ನು ಭರಣಿಯ ಹೊರಗೇ ಹಾಕುತ್ತಿದ್ದ. ಛವಿಲಾಲ್ ಅವನನ್ನು ನೋಡಿದ. "ನೋಡೋ ತಮ್ಮಾ, ನಿನ್ನ ಹೆಂಡ್ತಿ ಮಾತು."

"ನಂಗೆ ಸರಿಯಾಗಿ ಕಾಣಲ್ಲ ಅಣ್ಣ," ಎಂದ ತುಲಸಿರಾಮ. "ಕೇಳ್ಸೋದಂತೂ ಸರಿಯಾಗೇ ಕೇಳ್ಸುತ್ತೆ. ಅವಳು ಹೇಳೋದು ಸರಿ."

ದೇವಿಮಾಯಾ ಚಾಕು ಕೆಳಗಿಟ್ಟಳು. "ಬಿಡೇ ಕೌಶಿಲಾ, ಇವ್ರು ಹಿಂದೆಯೇ ಕೂರ್ಲಿ. ಪೊಲೀಸ್ ಹಿಡಿದ್ರೆ ನಿನ್ನ ಪರವಾನಗಿ ಹೋಗಲ್ಲ, ಇವ್ರ ಲೈಸೆನ್ಸೇ ಹೋಗೋದು. ಆಮೇಲೆ ವ್ಯಾನಿನೊಳಗೆ ಅಕ್ಕಿ ಒಣಹಾಕೋಣ."

ಲೈಸೆನ್ಸ್ ಎಂಬ ಮಾತು ತಾಗಬೇಕಾದಲ್ಲಿ ತಾಗಿತು. ಛವಿಲಾಲ್ ಬಹಳ ಹೊತ್ತು ಮೀಸೆ ತಿರುವಿದ. ಮರುದಿನ ಸಂಜೆ ಅಕ್ಕಿ ಚೀಲ ಅಡುಗೆಮನೆಗೆ ಹೋಯಿತು. ಗುರುಗಳು ಮುಂದಿನ ಸೀಟಿನಲ್ಲಿ, ಬಾಗಿಲಿಗೆ ಹಲ್ಲಿಯಂತೆ ಅಂಟಿಕೊಂಡು, ಇಬ್ಬರ ನಡುವೆ ಕೊಡೆಯನ್ನು ಗಡಿಗಂಬದಂತೆ ನಿಲ್ಲಿಸಿಕೊಂಡು ಕೂತರು.

ಮೂರು ದಿನ ಗಡಿ ಭದ್ರವಾಗಿತ್ತು. ನಾಲ್ಕನೆಯ ದಿನ ಎದುರುಗಡೆ ಹಳದಿ ಶಾಲಾ ಬಸ್ಸು ನಿಂತು, ಪಕ್ಕದಿಂದ ಕೆಂಪು ಹಲಗೆ ಚಾಚಿತು. ಆ ಹಲಗೆ ಕಂಡರೆ ಎರಡೂ ಕಡೆಯ ಕಾರುಗಳು ನಿಲ್ಲಬೇಕು. ಕೌಶಿಲಾ ಕನ್ನಡಿ ನೋಡುತ್ತಿದ್ದಳು. ಛವಿಲಾಲ್ "ಹೇ! ಹೇ ಹೇ!" ಎಂದು ಕೂಗುತ್ತ ಸ್ಟೇರಿಂಗಿಗೆ ಕೈಹಾಕಿದ. ಅಲ್ಲಿ ಅವಳ ಕೈ ಇತ್ತು. ಕಾರು ಕಿರ್ರೆಂದು ನಿಂತಿತು.

ಇಳಿದ ಮಕ್ಕಳು ಟೋಪಿಯವನನ್ನು ನೋಡಿ ನಗುತ್ತ ರಸ್ತೆ ದಾಟಿ ಹೋದರು. ಒಳಗೆ ಅವನ ಕೈ ಇನ್ನೂ ಅವಳ ಕೈಮೇಲೆಯೇ ಇತ್ತು.

"ಮುಟ್ಟಿಬಿಟ್ರಿ ಭಾವ."

"ಇಲ್ಲ." ಅವನು ಕೈ ಎಳೆದುಕೊಂಡ. "ನಾನು ಮುಟ್ಟಿದ್ದು ಸ್ಟೇರಿಂಗ್. ನಿನ್ನ ಕೈ ನಡುವೆ ಬಂತು."

"ಶಾಸ್ತ್ರದಲ್ಲಿ ಹಾಗಿದ್ಯಾ?"

"ಶಾಸ್ತ್ರ ಬರೆದವ್ರಿಗೆ ಕಾರ್ ಎಲ್ಲಿತ್ತು?" ಹಾಗೆಂದರೂ ಅವನು ಬೆರಳಿನ ಬಂಗಾರದುಂಗುರ ಕಳಚಿ, ನೀರಿನ ಬಾಟಲಿಯೊಳಗೆ ಹಾಕಿ ಅಲುಗಾಡಿಸಿ, ತನಗಿಷ್ಟು ಅವಳಿಗಿಷ್ಟು ಚಿಮುಕಿಸಿದ. ಅರ್ಧ ನೀರು ಗಾಜಿಗೆ ಬಿತ್ತು. ಗಾಬರಿಯಲ್ಲಿ ಅವಳು ವೈಪರ್ ಹಾಕಿದಳು. ನೀರು ಬಿದ್ದದ್ದು ಒಳಗಡೆ. ಮೊದಲು ನಕ್ಕದ್ದು ಅವಳೋ ಅವನೋ, ಆಮೇಲೆ ಇಬ್ಬರೂ ಒಪ್ಪಿಕೊಳ್ಳಲಿಲ್ಲ.

ಅಂದಿನಿಂದ ಉಂಗುರ ಬಾಟಲಿಯಲ್ಲಿಯೇ ಉಳಿಯಿತು. ದಿನಕ್ಕೆ ಎರಡು ಸಲ, ಮೂರು ಸಲ ಕೈ ತಾಗುತ್ತಿತ್ತು. ಐದನೆಯ ಸಲಕ್ಕೆ ಗುರುಗಳು ಸುಸ್ತಾದರು. "ಸಂಜೆ ಎಲ್ಲದಕ್ಕೂ ಸೇರಿಸಿ ಒಂದೇ ಸಲ ಹಾಕ್ಕೊಳ್ಳೋಣ. ಈಗ ಮುಂದೆ ನೋಡು. ಕನ್ನಡಿಯಲ್ಲಿ ನಾನು ಸಿಗಲ್ಲ, ಕತ್ತು ತಿರುಗಿಸಿ ಹಿಂದೆ ನೋಡು. ಹಾಂ, ಹಾಗೆ." ಆ ವಾರ ಅವನು ಅವಳಿಗೆ ಕಲಿಸಿದ್ದು ಹಿಂದಿನ ಎರಡು ವರ್ಷಕ್ಕಿಂತ ಹೆಚ್ಚು. ಕೆಂಪು ದೀಪವೊಂದರಲ್ಲಿ ನಿಂತಿದ್ದಾಗ, ಅವಳ ಕಡೆ ನೋಡದೆ ಕೇಳಿದ:

"ನೀನೂ ಓಡಿಸೋಕೆ ಶುರು ಮಾಡಿದ್ರೆ ವ್ಯಾನಲ್ಲಿ ಯಾರು ಕೂರ್ತಾರೆ?"

ಅವಳ ನಾಲಿಗೆಗೆ ನಾಲ್ಕು ಉತ್ತರ ಬಂದವು, ನಾಲ್ಕೂ ಖಾರ. "ದೇವಿಮಾಯಾ ಅಕ್ಕ ಕೂರ್ತಾಳೆ ಭಾವ," ಎಂದಷ್ಟೇ ಹೇಳಿದಳು. "ಹನ್ನೊಂದು ವರ್ಷದಿಂದ ಅವಳಿಗೆ ಮುಂದಿನ ಸೀಟು ಸಿಕ್ಕಿಲ್ಲ. ದೊಡ್ಡವ್ರನ್ನೆಲ್ಲ ಅಲ್ಲಿ ಕೂರಿಸ್ತೀರಿ."

ಹಿಂದಿನ ಕಾರು ಹಾರ್ನ್ ಹೊಡೆಯಿತು. ದೀಪ ಯಾವಾಗಲೋ ಹಸಿರಾಗಿತ್ತು.

ಇಪ್ಪತ್ತೊಂಬತ್ತಕ್ಕೆ ಅವಳು ಪಾಸಾದಳು. ಒಂದು ಕಂಬ ಅಲುಗಾಡಿತು, ಬೀಳಲಿಲ್ಲ.

ನವೆಂಬರ್ ಒಂದರಂದು ಬೆಳಗಿನ ಜಾವ ನಾಲ್ಕೂಮುಕ್ಕಾಲಕ್ಕೆ ಅವಳು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ, ಗ್ಯಾರೇಜಿನಲ್ಲಿ ಛವಿಲಾಲ್ ಶಾಲು ಹೊದ್ದು ಏನನ್ನೋ ಹುಡುಕುವವನಂತೆ ನಿಂತಿದ್ದ. ಪೂಜೆಗೆ ಇನ್ನೂ ಹೊತ್ತಿತ್ತು. ಅವಳು ಕಾರು ಹಿಂದಕ್ಕೆ ತೆಗೆದು ರಸ್ತೆಗಿಳಿಸಿದಳು.

"ಬುಹಾರಿ!" ಎಂದು ಕೂಗಿದ. "ದೀಪ ಹಾಕೇ! ದೀಪ!"

ಅವಳು ದೀಪ ಹಾಕಿದಳು. ಬೆಳಕು ಅವನ ಮುಖದ ಮೇಲೆ ಬಿತ್ತು. ಅವನು ಕಣ್ಣು ಕಿರಿದು ಮಾಡಿ, ಹೋಗು ಹೋಗು ಎಂದು ದನ ಅಟ್ಟುವಂತೆ ಕೈ ಬೀಸಿದ.

ಹದಿನಾಲ್ಕು ಮೈಲಿ ಓಡಿಸಿಕೊಂಡು ಕಾರ್ಖಾನೆಯ ಅಂಗಳಕ್ಕೆ ಬಂದಾಗ ಐದು ಇಪ್ಪತ್ತು. ರೊಂಡಾ ಬಾಗಿಲಲ್ಲಿ ಕಾಫಿ ಹಿಡಿದು ನಿಂತು, ಕಾರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಕೋಸಿ, ಬಿಳಿ ಗೆರೆ ನಿನ್ನ ಕಾರಿನ ಹೊಟ್ಟೆ ಕೆಳಗಿದೆ. ಎರಡು ಜಾಗ ತಿಂದಿದ್ದೀಯ."

"ಹೌದು," ಎಂದಳು ಕೌಶಿಲಾ, ಕೀಲಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ನಾನೇ ನಿಲ್ಲಿಸಿದ್ದು."

ತಿರುಗಿ ಹೋಗಿ ಸರಿಮಾಡಲಿಲ್ಲ. ಒಳಗೆ ಇಪ್ಪತ್ತೆರಡು ಜನ ಕಾಯುತ್ತಿದ್ದರು.