ಚರ್ಚಿನ ಕಮಾನಿಗೆ ಅಜ್ಜನ ಅಚ್ಚು

ಚಿತ್ರದುರ್ಗದ ನಮ್ಮ ಬೀದಿಯ ತುದಿಯಲ್ಲಿರುವ ಹಳೆಯ ಚರ್ಚಿನ ಮುಂಬಾಗಿಲ ಕಮಾನು ಕಟ್ಟಿದ್ದು ನಮ್ಮ ಅಜ್ಜ ಎಂದು ನಾನು ಮೂವತ್ತು ವರ್ಷ ಕೇಳಿದವರ ಕಿವಿ ತೂತಾಗುವಷ್ಟು ಹೇಳಿದ್ದೇನೆ. ಸಾಕ್ಷಿ ನಮ್ಮ ಅಟ್ಟದ ಮೇಲಿತ್ತು: ತೇಗದ ಮರದ, ಅರ್ಧಚಂದ್ರಾಕಾರದ ಅಚ್ಚು. ಅದನ್ನು ಬಾಗಿಲ ಮೇಲೆ ನಿಲ್ಲಿಸಿ, ಕಲ್ಲು ಜೋಡಿಸಿ, ಗಾರೆ ಒಣಗಿದ ಮೇಲೆ ಎಳೆದುಕೊಂಡರೆ ಕಮಾನು ತಾನಾಗಿ ನಿಲ್ಲುತ್ತದೆ. ಬಕ್ರೀದಿಗೆ ಬಂದ ನೆಂಟರಿಗೆಲ್ಲ ಊಟಕ್ಕೆ ಮೊದಲು ಅದರ ದರ್ಶನವಾಗಬೇಕಿತ್ತು. ಅಂಥ ಮೇಸ್ತ್ರಿಯ ಮೊಮ್ಮಗನಾದ ನಾನು ಮಾರುವುದು ಟೈಲ್ಸ್.

ಚರ್ಚು ದೊಡ್ಡದೇನಲ್ಲ. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಮೊನಚು ತಲೆಯ ಕಿಟಕಿಗಳು. ಗೋಪುರ ಅರ್ಧಕ್ಕೇ ನಿಂತದ್ದರಿಂದ ಗಂಟೆ ಹೊರಗೆ ಬೇವಿನ ಮರದಲ್ಲಿ ತೂಗುತ್ತಿದೆ. ಕಟ್ಟಿಸಿದ ಮಿಷನ್ ದೊರೆಗಳ ಪಂಥದಲ್ಲಿ ಬಿಷಪ್ ಇರಲಿಲ್ಲವಂತೆ. ಸಭೆಯವರೇ ಕೂತು, ಕೈ ಎತ್ತಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದರಂತೆ. ದೊರೆಗಳು ಹೋದರು, ಆಮೇಲೆ ಬಿಷಪ್ಪರೂ ಬಂದರು, ಕೈ ಎತ್ತುವ ಚಟ ಮಾತ್ರ ಹೋಗಲಿಲ್ಲ. ಫ್ಯಾನು ಎಲ್ಲಿ ಹಾಕಬೇಕು ಎನ್ನುವುದಕ್ಕೂ ಅಲ್ಲಿ ಕೈ ಏಳುತ್ತವೆ.

ಎರಡು ವರ್ಷದ ಹಿಂದೆ ಕಮಾನು ಬಿರುಕು ಬಿಟ್ಟಿತು. ಅದನ್ನು ಕೆಡವಿ, ಸಿಮೆಂಟಿನ ತೊಲೆ ಹಾಕಿ, ಟೈಲ್ಸ್ ಅಂಟಿಸುವುದೆಂದು ಮಾತಾಗಿ, ಬಣ್ಣ ತೋರಿಸಲು ನನ್ನನ್ನೇ ಕರೆದರು. ನನಗೆ ಮೈ ಉರಿಯಿತು. ತಂದಿದ್ದ ಟೈಲ್ಸನ್ನು ಬದಿಗಿಟ್ಟು, “ಅಜ್ಜನ ಅಚ್ಚು ನಮ್ಮನೇಲೈತೆ. ನಾಳೆ ತರ್ತೀನಿ, ಕಲ್ಲು ಬಿಚ್ಚಿ ಅದ್ರ ಮ್ಯಾಲೇ ಮತ್ತೆ ಕಟ್ರಿ. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಆಗಲ್ಲ” ಎಂದೆ.

ಮರುದಿನ ಲಗೇಜ್ ಆಟೋದಲ್ಲಿ ಅಚ್ಚು ಬಂತು. ಸಭೆಯವರೆಲ್ಲ ನೋಡಲು ನೆರೆದಿದ್ದರು. ಇಬ್ಬರು ಅದನ್ನು ಎತ್ತಿ ಕಮಾನಿಗೆ ಹಿಡಿದರು. ಎರಡೂ ಕಡೆ ಒಂದೊಂದು ಗೇಣು ಸಂದು! ತಿರುಗಿಸಿ ಹಿಡಿದರು. ಸಂದು ಅಷ್ಟೇ ಇತ್ತು. ಕಿಟಕಿಗಳದ್ದಿರಬಹುದೇ ಎಂದರೆ ಅವು ಮೊನಚು, ಇದು ಗುಂಡು. ಅಜ್ಜ ಈ ಚರ್ಚಿನ ಯಾವ ಕಮಾನನ್ನೂ ಕಟ್ಟಿರಲಿಲ್ಲ. ಹಿರಿಯೂರಿನ ಕಡೆ ಯಾವುದೋ ಮೋರಿ ಕಟ್ಟಿದ್ದಿರಬೇಕು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಸಭೆಗೆ ಹಿರಿಯರಾದ ನಿವೃತ್ತ ನರ್ಸಮ್ಮ ಅಲ್ಲಿದ್ದರು. ಚಿಕ್ಕಂದಿನಲ್ಲಿ ನನಗೂ ಸೂಜಿ ಚುಚ್ಚಿದವರು. ನನ್ನ ಮುಖ ನೋಡಿ, “ಅಚ್ಚು ಸಣ್ಣದಾದ್ರೆ ಏನಾತಪ್ಪ? ಬಾಗ್ಲು ಸಣ್ಣ ಮಾಡಿದ್ರಾತು” ಎಂದರು. ಆಮೇಲೆ ಸಭೆಯತ್ತ ತಿರುಗಿ, “ಎಲ್ರೂ ಕೈ ಎತ್ರಿ, ನೋಡಾಣ” ಎಂದರು. ಕೈಗಳು ಎದ್ದವು. ನಾನು ಆ ಸಭೆಯವನಲ್ಲ. ಆದರೂ ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ.

ಭರಮಸಾಗರದಿಂದ ಬಂದ ಮೇಸ್ತ್ರಿ ಎರಡೂ ಕಡೆ ಗೋಡೆಯನ್ನು ಬಾಗಿಲೊಳಕ್ಕೆ ಗೇಣುದ್ದ ಬೆಳೆಸಿ, ಅಜ್ಜನ ಅಚ್ಚಿನ ಮೇಲೆ ಹಳೆಯ ಕಲ್ಲುಗಳನ್ನೇ ಜೋಡಿಸಿದ. ಈಗ ಮದುಮಕ್ಕಳು ಆ ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಹೊರಬರುತ್ತಾರೆ.

ಕಳೆದ ತಿಂಗಳು ಕಾಲೇಜಿನ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕರೆತಂದು ಚರ್ಚು ತೋರಿಸಿದರು. ಕಮಾನನ್ನು ಸವರಿ, “ಇಂಥ ಕೈ ಈಗ ಎಲ್ಲಿ ಸಿಗುತ್ತೆ?” ಎಂದು ನಿಟ್ಟುಸಿರು ಬಿಟ್ಟರು. ನರ್ಸಮ್ಮ ಒಂದಿಷ್ಟೂ ನಗದೆ ನನ್ನನ್ನು ತೋರಿಸಿ, “ಇವರ ಅಜ್ಜಾರು ಕಟ್ಟಿದ್ದು ಸಾರ್” ಎಂದರು. ನಾನು ಅಲ್ಲವೆನ್ನಲಿಲ್ಲ. ಮನೆ ಸೇರುವವರೆಗೂ ಎದೆ ಉಬ್ಬಿಕೊಂಡೇ ಇತ್ತು.

ಸಂಕಟ ಶುರುವಾದದ್ದು ಆಮೇಲೆ. ಹಳೆಯ ಕಮಾನನ್ನೂ ಯಾರೋ ಒಬ್ಬ ಕಟ್ಟಿದ್ದನಲ್ಲ. ಅವನಿಗೂ ಒಬ್ಬ ಮೊಮ್ಮಗ ಇರಬಹುದು, ಅವರ ಅಟ್ಟದಲ್ಲೂ ಒಂದು ಅಚ್ಚು ಇರಬಹುದು. ಒಂದು ದಿನ ಅವನು ಅದನ್ನು ಆಟೋದಲ್ಲಿ ತಂದು ಎಲ್ಲರೆದುರು ಈ ಬಾಗಿಲಿಗೆ ಹಿಡಿದರೆ, ಎರಡೂ ಕಡೆ ಒಂದೊಂದು ಗೇಣು ಹೆಚ್ಚಾಗುತ್ತದೆ. ಆಗ ಜನ ಗೇಲಿ ಮಾಡುವುದು ಅವನ ಅಜ್ಜನನ್ನು.