ಖಾಲಿ ಜಾಗವನ್ನೂ ಓದುತ್ತಿದ್ದ ಚಾದಂಗಡಿ ಕಾಕಾ

ಆಗಸ್ಟ್ ಹದಿನೈದು, ಬೆಳಿಗ್ಗೆ ಎಂಟು ಗಂಟೆ. ಹಳಿಯಾಳದ ನಮ್ಮ ಬಡಾವಣೆಯ ಧ್ವಜಕಟ್ಟೆಯ ಮುಂದೆ ಸಂಘದ ಕಾರ್ಯದರ್ಶಿ, ಅವನ ಹೆಂಡತಿ, ಏಳೆಂಟು ಮನೆಗಳವರು, ಅವರ ಮಕ್ಕಳು ಮತ್ತು ನಾನು ಇದ್ದೆವು. ಉಳಿದವರು ರಜೆಯೆಂದು ಮಲಗಿದ್ದರು. ಧ್ವಜ ಏರಿತು, ರಾಷ್ಟ್ರಗೀತೆ ಆಯಿತು. ಭಾಷಣ ನನ್ನದಿತ್ತು. ಕಾರ್ಯದರ್ಶಿ ಹತ್ತಿರ ಬಂದು ಮೆಲ್ಲಗೆ, "ಸಿಸ್ಟರ್, ಚೂರು ನೋಡ್ಕೊಂಡು ಮಾತಾಡ್ರಿ. ಎಲ್ಲಾರೂ ಮೊಬೈಲ್ ಹಿಡ್ಕೊಂಡು ನಿಂತಾರ" ಅಂದ. ಒಳ್ಳೆಯ ಹುಡುಗ. ಹೆದರಿಸಲು ಹೇಳಿದ ಮಾತಲ್ಲ ಅದು.

ಅಷ್ಟರಲ್ಲಿ ಮಕ್ಕಳು ಹಸಿದಿವೆ ಎಂದು ಅವನ ಹೆಂಡತಿ ಎಲ್ಲರ ಕೈಗೂ ಗಿರ್ಮಿಟ್ ಕೊಟ್ಟಳು, ಹಳೆಯ ಪೇಪರಿನ ಹಾಳೆಯಲ್ಲಿ. ನಾನು ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ಅಚ್ಚಿನ ಮಸಿಯ ಮೇಲಿಟ್ಟ ತಿನಿಸನ್ನು ಬೇಡ ಅನ್ನುವುದು ನನ್ನ ರೂಢಿ. ಅಂದು ಬೇಡ ಅನ್ನುವ ಮೊದಲೇ ವಾಸನೆ ಬಂತು. ಚುರುಮುರಿ, ಹಸಿ ಉಳ್ಳಾಗಡ್ಡಿ, ಎಣ್ಣೆ ಕುಡಿದ ಪೇಪರು... ದಾಂಡೇಲಿಯ ನಮ್ಮ ಚಾದಂಗಡಿ ಕಾಕಾ ನೆನಪಾದರು.

ನಮ್ಮಪ್ಪ ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದ ಕಾರ್ಖಾನೆಗೆ ಸೇರಿದವರು. ಮನೆಯಲ್ಲಿ ಎಲ್ಲವೂ ಸೈರನ್ನಿನ ಪ್ರಕಾರ. ಏಳುವುದು, ನೀರು ತುಂಬುವುದು, ಉಣ್ಣುವುದು, ಓದಲು ಕೂಡುವುದು. ಇವತ್ತಿಗೂ ನನಗೆ ಬೇರೆ ರೀತಿ ಬದುಕಲು ಬಾರದು. ನಮ್ಮ ಅಡಿಗೆಮನೆಯ ಗೋಡೆಗೆ ಹತ್ತಿಕೊಂಡೇ ಕಾಕಾನ ಅಂಗಡಿ ಇತ್ತು. ಅವರು ಹಳಿಯಾಳದ ಕಡೆಯ ಹಳ್ಳಿಯವರು. ಹಣೆಗೆ ವಿಭೂತಿ, ಹೆಗಲ ಮೇಲೆ ಟವೆಲು. ಮಕ್ಕಳಿರಲಿಲ್ಲ. ಅಂಗಡಿಯಲ್ಲಿ ಅವರು ಮತ್ತು ಅವರ ಹೆಂಡತಿ ಇಬ್ಬರೇ. ಹೆಂಡತಿಯನ್ನು ನಾವು ಕಾಕು ಅನ್ನುತ್ತಿದ್ದೆವು.

ಮಧ್ಯಾಹ್ನ ಎರಡಕ್ಕೆ ಬೆಳಗಿನ ಪಾಳಿ ಬಿಡುತ್ತಿತ್ತು. ಹೊರಬಂದವರು ಕಾಕಾನ ಅಂಗಡಿಯ ಮುಂದಿನ ಉದ್ದ ಬಾಕಿನ ಮೇಲೆ ಕೂಡುವರು. ಹುಬ್ಬಳ್ಳಿ ಬಸ್ಸಿಗೆ ಬಂದ ಪೇಪರನ್ನು ಕಾಕಾ ಗಟ್ಟಿಯಾಗಿ ಓದುವರು. ಓದು ಬಾರದವರು ಬಹಳ ಜನ ಇದ್ದರು. ಬರುವವರೂ ಕೇಳಲೆಂದೇ ಕೂಡುತ್ತಿದ್ದರು. ಕಾಕಾ ಏನನ್ನೂ ಬಿಡುತ್ತಿರಲಿಲ್ಲ. ತಮಗೆ ಆಗದ ಪಕ್ಷದವರ ಭಾಷಣವನ್ನೂ ಪೂರಾ ಓದುವರು. "ಅರ್ಧಾ ಓದಿದ್ರ ಅದು ಸುದ್ದಿ ಅಲ್ಲ, ಚಾಡಿ" ಅನ್ನುವರು. ಒಂದು ಸುದ್ದಿ ಮುಗಿದರೆ ಸ್ವಲ್ಪ ತಡೆಯುವರು. ಆಗ ವಾದ ಶುರು. ಬಾಯ್ಲರಿನ ಹತ್ತಿರ ಕೆಲಸ ಮಾಡುವವರೊಬ್ಬರದು ಎಲ್ಲರಿಗಿಂತ ದೊಡ್ಡ ಬಾಯಿ. ಅವರು ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದರೆ ಕಾಕಾ, "ಅಂವ ಹೇಳೂದು ಮುಗೀಲಿ, ಆಮ್ಯಾಲ ಬೇಕಾದಷ್ಟು ಬೈ" ಅನ್ನುವರು.

ಗೋಡೆಯ ಈಚೆ ನಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಕಿವಿ ಆ ಕಡೆಗೇ. ಏನಾದರೂ ಬೇಕಾದ ಸುದ್ದಿ ಬಂದರೆ ಬಡಿಯುವುದನ್ನು ನಿಲ್ಲಿಸುವಳು. ರೊಟ್ಟಿಯ ಸಪ್ಪಳ ನಿಂತಿತೆಂದರೆ ಆಚೆ ಕಾಕಾ ದನಿ ಏರಿಸುವರು. ಒಬ್ಬರೊಬ್ಬರ ಮುಖ ನೋಡದೆ ನಡೆದ ಏರ್ಪಾಡು ಅದು. ಬೇರೆ ಓಣಿಯ ಹೆಂಗಸರೂ ಆ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಉಪ್ಪೋ ಸಕ್ಕರೆಯೋ ಕೇಳಲು ಬರುತ್ತಿದ್ದರು.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಮಳೆಗಾಲದ ಆರಂಭ. ನಾನು ಹೈಸ್ಕೂಲು ಮುಗಿಸುವವಳಿದ್ದೆ. ಮೊದಮೊದಲು ಪೇಪರಿನಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಂದವು. ಅಚ್ಚಾಗಬಾರದು ಅಂದದ್ದನ್ನು ತೆಗೆದು, ಜಾಗ ಹಾಗೇ ಬಿಟ್ಟಿದ್ದರು. ಕಾಕಾ ಮೇಲಿನಿಂದ ಓದುತ್ತ ಬಂದು ಆ ಜಾಗಕ್ಕೆ ಮುಟ್ಟಿದಾಗ ಬಾಯಿ ಮುಚ್ಚಿದರು. ಆದರೆ ಮುಂದಿನ ಸುದ್ದಿಗೆ ಹಾರಲಿಲ್ಲ. ಬೆರಳನ್ನು ಸಾಲಿನ ಮೇಲೆ ಇಟ್ಟಂತೆ ಖಾಲಿ ಜಾಗದ ಮೇಲೆ ಇಟ್ಟು, ಮೆಲ್ಲಗೆ ಕೆಳಗಿನವರೆಗೆ ಇಳಿಸಿದರು. ಅಲ್ಲಿಯವರೆಗೆ ಯಾರೂ ಗ್ಲಾಸು ಎತ್ತಲಿಲ್ಲ. ಬಾಗಿಲ ಸಂದಿಯಿಂದ ನಾನೇ ನೋಡಿದ್ದು. ಗೋಡೆಯ ಈಚೆ ಅವ್ವ ಹಿಟ್ಟಿನ ಕೈ ಎತ್ತಿದವಳು ಹಾಗೇ ನಿಂತಿದ್ದಳು.

ದಿನಾ ಹೀಗೇ ನಡೆಯಿತು. ಒಂದು ದಿನ ಒಬ್ಬ ಹವಾಲ್ದಾರ ಬಂದು ಬಾಕಿನ ತುದಿಗೆ ಕುಳಿತ.

"ಏನು ಓದಾಕತ್ತೀಯೋ ಮುದುಕಾ?"

"ಏನೂ ಇಲ್ರಿ ಸಾಹೇಬ್ರ. ಇಲ್ಲಿ ಖಾಲಿ ಐತಿ."

"ಖಾಲಿ ಇದ್ದದ್ದು ಯಾಕ ಓದ್ತಿ?"

"ಪೇಪರಿಗೆ ಪೂರಾ ರೊಕ್ಕ ಕೊಟ್ಟೇನ್ರಿ. ನಡುವ ಬಿಟ್ರ ನನಗ ಲುಕ್ಸಾನ್."

ಬಾಕಿನವರು ನಕ್ಕರು. ಹವಾಲ್ದಾರನೂ ನಕ್ಕ, ಚಾ ಕುಡಿದು ಹೋದ. ಮುಂದೆ ಪೇಪರಿನಲ್ಲಿ ಖಾಲಿ ಜಾಗ ಬಿಡುವುದೂ ನಿಂತಿತು. ಎಲ್ಲ ಕಾಲಮ್ಮುಗಳೂ ತುಂಬಿ ಬಂದವು, ಎಲ್ಲವೂ ಒಳ್ಳೆಯ ಸುದ್ದಿ. ಕಾಕಾ ಅದನ್ನೂ ಪೂರಾ ಓದಿದರು. ಆದರೆ ಕಾರ್ಮಿಕರ ಮುಂದಾಳೊಬ್ಬರನ್ನು ಪೊಲೀಸರು ಒಯ್ದ ದಿನ, ಓದಿ ಮುಗಿಸಿದ ಮೇಲೆ ಪೇಪರು ಮಡಚದೆ ಸುಮ್ಮನೆ ಕುಳಿತರು. ಆ ಸುದ್ದಿ ಪೇಪರಿನಲ್ಲಿ ಇರಲಿಲ್ಲ. ಅವರು ಯಾಕೆ ಸುಮ್ಮನೆ ಕುಳಿತರೆಂದು ಎಲ್ಲರಿಗೂ ತಿಳಿಯಿತು. ತಿಳಿಯಬಾರದವರಿಗೂ ತಿಳಿಯಿತು.

ಎರಡು ದಿನದ ಮೇಲೆ ಜೀಪು ಬಂತು, ಬೇರೆ ಊರಿನಿಂದ. ಬಂದ ಪೊಲೀಸರು ಸಾದಾ ಬಟ್ಟೆಯಲ್ಲಿದ್ದರು. ಕಾಕಾ, "ಗ್ಲಾಸ್ ತೊಳದು ಬರ್ತೇನ್ರಿ" ಅಂದರು. ತೊಳೆದು, ಬೋರಲು ಹಾಕಿ, ಟವೆಲಿಗೆ ಕೈ ಒರೆಸಿಕೊಂಡು ಜೀಪು ಹತ್ತಿದರು. ಕಾಕು ಅಳಲಿಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕಿ ಇಡೀ ಓಣಿಗೆ ಸೀದ ವಾಸನೆ ಬಂತು...

ಅಂಗಡಿ ಮುಚ್ಚಲಿಲ್ಲ. ಕಾಕು ನಡೆಸಿದಳು. ಅಂಗಡಿಗೂ ಕುತ್ತು ಬರಬಾರದೆಂದು ಗಿರಾಕಿಗಳೇ ಸೇರಿ ಒಂದು ಬೋರ್ಡು ಬರೆಸಿ ತಂದು ತೂಗುಹಾಕಿದರು: 'ಇಲ್ಲಿ ರಾಜಕೀಯ ಮಾತನಾಡಬಾರದು'. ಅವರ ಮನಸ್ಸು ಕೆಟ್ಟದ್ದಲ್ಲ. ಆ ದಿನಗಳಲ್ಲಿ ಅದು ಉಪಕಾರವೇ ಆಗಿತ್ತು. ಎರಡು ಗಂಟೆಗೆ ಬರುವರು, ಚಾ ಕುಡಿಯುವರು, ಹೋಗುವರು. ನಮ್ಮ ಮನೆಗೆ ಉಪ್ಪು ಕೇಳಲು ಬರುವವರೂ ಕಡಿಮೆಯಾದರು.

ವರ್ಷ ದಾಟಿದ ಮೇಲೆ ಕಾಕಾ ಜೈಲಿನಿಂದ ಬಿಡುಗಡೆಯಾಗಿ ಬಂದಾಗ ಬಹಳ ಇಳಿದಿದ್ದರು. ಅಂಗಡಿಯಲ್ಲಿ ಕೂಡುತ್ತಿದ್ದರು, ಓದುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಚುನಾವಣೆ ಆಯಿತು, ಸರಕಾರ ಬಿತ್ತು, ತುರ್ತು ಪರಿಸ್ಥಿತಿ ಹೋಯಿತು. ಊರಲ್ಲಿ ಪಟಾಕಿ ಹಾರಿಸಿದರು. ಮಾರನೆಯ ದಿನ ಕಾಕಾ ಸ್ಟೂಲು ಹತ್ತಿ ಬೋರ್ಡು ಇಳಿಸಿದರು. ಗಡ್ಡ ಬೋಳಿಸಿಕೊಂಡು, ವಿಭೂತಿ ಹಚ್ಚಿಕೊಂಡು, ಎರಡು ಗಂಟೆಗೆ ಪೇಪರು ಬಿಡಿಸಿದರು. ಅವ್ವ ಆ ಹೊತ್ತಿಗೆಂದೇ ರೊಟ್ಟಿ ತಡಮಾಡಿ ಕೂತಿದ್ದಳು.

ಮೊದಲನೆಯ ಸುದ್ದಿ ಓದಿದರು. ತಡೆದರು. ಯಾರೂ ಮಾತಾಡಲಿಲ್ಲ. ಎರಡನೆಯದನ್ನು ಓದಿದರು. ಗ್ಲಾಸುಗಳ ಸಪ್ಪಳ ಮಾತ್ರ. ಆಮೇಲೆ ಹಿಂದೆ ಎಲ್ಲರಿಗಿಂತ ಹೆಚ್ಚು ವಾದಿಸುತ್ತಿದ್ದ ಬಾಯ್ಲರಿನವರೇ ಅಂದರು, "ಕಾಕಾ, ಸಾಕ್ರಿ. ಮುಗದದ್ದು ಮುಗೀತು. ರೇಡಿಯೋ ಹಚ್ಚರಿ, ಒಂದೆರಡು ಹಾಡು ಕೇಳೂಣು."

ಇನ್ನೊಬ್ಬರು, "ಮತ್ತ ಒಳಗ ಹೋದ್ರ ಚಾ ಮಾಡೋರು ಯಾರ್ರಿ?" ಅಂದರು. ಎಲ್ಲರೂ ನಕ್ಕರು. ಕಾಕಾನೂ ನಕ್ಕರು. ಪೇಪರು ಮಡಚಿದ ಸಪ್ಪಳ ಗೋಡೆಯ ಈಚೆಗೆ ಕೇಳಿತು. ರೇಡಿಯೋದ ಹಾಡು ಬಂತು. ಅವ್ವ ಸ್ವಲ್ಪ ಹೊತ್ತು ಕಾದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಸಂಜೆ ಅಪ್ಪನಿಗೆ ಚಾ ತರಲು ಹೋಗಿದ್ದೆ. ಕಾಕಾ ಒಬ್ಬರೇ ಇದ್ದರು. ನಾನು ಏನೂ ಕೇಳಿರಲಿಲ್ಲ. ತಾವೇ ಅಂದರು, "ಒಳಗ ಇದ್ದಾಗ ದಿನಾ ಮಧ್ಯಾಹ್ನ ಮನಸ್ನ್ಯಾಗ ಓದ್ತಿದ್ದೆ ಮಗಳ. ಪೇಪರ್ ಎಲ್ಲಿ ಬರಬೇಕು... ನನಗ ತೋಚಿದ್ದು ಓದ್ತಿದ್ದೆ. ಇವರೆಲ್ಲಾ ಕುಂತು ಕೇಳಾಕತ್ತಾರ ಅಂತ ತಿಳ್ಕೊಂಡಿದ್ದೆ." ಆಮೇಲೆ ಒಲೆಗೆ ಇದ್ದಿಲು ಹಾಕಿ ಊದತೊಡಗಿದರು.

ಮರುದಿನ ಬೋರ್ಡು ಮತ್ತೆ ಅದೇ ಮೊಳೆಗೆ ಇತ್ತು. ತೂಗುಹಾಕಿದವರು ಯಾರೋ ಗೊತ್ತಿಲ್ಲ. ಕಾಕಾ ಇಳಿಸಲಿಲ್ಲ. ನಾನು ನರ್ಸಿಂಗ್ ಕಲಿಯಲು ಹುಬ್ಬಳ್ಳಿಗೆ ಹೋದೆ. ರಜೆಗೆ ಬಂದಾಗಲೆಲ್ಲ ನೋಡುತ್ತಿದ್ದೆ. ಬೋರ್ಡಿನ ಬಣ್ಣ ಮಾಸಿದಾಗ ಯಾರೋ ಹೊಸ ಬಣ್ಣ ಬಳಿಸಿದ್ದರು. ಕಾಕಾ ಸತ್ತದ್ದು ನನಗೆ ಪತ್ರದಲ್ಲಿ ತಿಳಿಯಿತು, ಮಣ್ಣಾಗಿ ಹದಿನೈದು ದಿನದ ಮೇಲೆ. ಆ ಜಾಗದಲ್ಲಿ ಈಗ ಕಾಳಿ ನದಿಯ ರಾಫ್ಟಿಂಗಿಗೆ ಟಿಕೆಟ್ ಕೊಡುವ ಆಫೀಸು ಇದೆ.

ನಾನು ರಾಜಕೀಯ ತಿಳಿದವಳಲ್ಲ. ರೋಗಿಗಳನ್ನು ನೋಡಿದವಳು. ನೋವು ಇರುವವರೆಗೆ ಅಂಗಕ್ಕೆ ಜೀವ ಇದೆ ಎಂದು ನಮಗೆ ಕಲಿಸಿದ್ದರು. ಜೀಪು ಬಂದ ದಿನ ನಮ್ಮ ಓಣಿಗೆ ನೋವಾಗಿತ್ತು. ರೇಡಿಯೋ ಹಚ್ಚಿದ ದಿನ ಯಾರಿಗೂ ನೋವಾಗಲಿಲ್ಲ. ಚುನಾವಣೆ ಸ್ವಾತಂತ್ರ್ಯವನ್ನು ತಿರುಗಿ ಬಾಗಿಲಿಗೆ ತಂದಿತ್ತು. ಎದ್ದು ಒಳಗೆ ಕರೆಯಲು ಬಾಕಿನ ಮೇಲಿನವರಿಗೆ ಪುರುಸೊತ್ತು ಇರಲಿಲ್ಲ. ನನ್ನ ದೇಶದ ಬಗ್ಗೆ ನನಗಿರುವ ಅಂಜಿಕೆ ಇಷ್ಟೇ, ಮತ್ತು ಅದು ವರ್ಷ ವರ್ಷಕ್ಕೆ ಹೆಚ್ಚುತ್ತಿದೆ.

ಅಂದು ಧ್ವಜಕಟ್ಟೆಯ ಮುಂದೆ, ಬರೆದುಕೊಂಡು ಹೋಗಿದ್ದನ್ನು ಬಿಟ್ಟು ಇದನ್ನೇ ಹೇಳಿದೆ. ಯಾವ ಪಕ್ಷದ ಹೆಸರನ್ನೂ ಎತ್ತಲಿಲ್ಲ. ಕೊನೆಗೆ ಜೈ ಹಿಂದ್ ಅಂದೆ. ಚಪ್ಪಾಳೆ ಬಂತು. ಸಂಜೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಬಂತು. ಅದರಲ್ಲಿ ನಾನು ಎದ್ದು ನಿಲ್ಲುತ್ತೇನೆ, ಜೈ ಹಿಂದ್ ಅನ್ನುತ್ತೇನೆ, ಕೂಡುತ್ತೇನೆ. ನಡುವೆ ಏನೂ ಇಲ್ಲ.

ಕಾರ್ಯದರ್ಶಿಗೆ ಫೋನ್ ಮಾಡಿದೆ. "ತೆಗೀರಿ ಅಂತ ಯಾರು ಹೇಳಿದ್ರಪಾ?"

"ಯಾರೂ ಹೇಳಿಲ್ರಿ ಸಿಸ್ಟರ್. ನಾವಾ ತೆಗದ್ವಿ. ನಾಳೆ ಯಾರರೆ ಏನರೆ ಅಂದ್ರ ನಿಮಗ ಸುಮ್ನ ತ್ರಾಸು."

"ಯಾರು ಅಂತಾರ?"

"ಯಾರೂ ಅನ್ನಂಗಿಲ್ರಿ..." ಅಂದ. ಹಿಂದೆಯೇ, "ಊಟ ಆತೇನ್ರಿ?" ಅಂದ.

ಇಲ್ಲ ಅಂದೆ. ಕಾಕಾ ಇಲ್ಲ, ಕಾಕು ಇಲ್ಲ, ಅಪ್ಪ ಅವ್ವ ಇಲ್ಲ. ಕಾಕಾನ ದನಿಗೆ ಕಿವಿಗೊಟ್ಟವರಲ್ಲಿ ನನಗೆ ಗೊತ್ತಿದ್ದವರು ಯಾರೂ ಉಳಿದಿಲ್ಲ. ಮೇಜಿನ ಮುಂದೆ ಕೂತು, ವಿಡಿಯೋದಿಂದ ತೆಗೆದುಹಾಕಿದ ಮಾತನ್ನು ಇಲ್ಲಿ ಬರೆದು ಮುಗಿಸಿದೆ. ಆಮೇಲೆ ಸಾರು ಬಿಸಿ ಮಾಡಿ ಉಂಡೆ. ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟೆ.